ಮನೆಗೆ ಕೂರುವ ಡಬ್ಬಿ

ನಮ್ಮೂರಿನ ಮನೆಗಳಿಗೆ ಮರೆವು ಜಾಸ್ತಿ. ಮನೆಯವರೆಲ್ಲ ಒಟ್ಟಿಗೆ ಹೊರಟುಹೋಗಿ, ಒಂದು ಸಂಜೆಯಿಂದ ಮರುಸಂಜೆಯವರೆಗೆ ಅಲ್ಲಿ ಅವರ ಕೈ ಆಡದಿದ್ದರೆ ಸಾಕು, ಮನೆ ಅವರನ್ನು ಮರೆತುಬಿಡುತ್ತದೆ. ಬೀಗ ತೆಗೆದುಕೊಳ್ಳುತ್ತದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ. ತಳ್ಳಿ, ಒದೆಯಿರಿ, ಬಡಗಿಯನ್ನು ಕರೆಸಿ, ಏನೂ ಪ್ರಯೋಜನವಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಅಲ್ಲೇ ಒಲೆ ಹೂಡಿ, ಅಲ್ಲೇ ತಲೆ ಬಾಚಿಕೊಂಡು, ನಾವು ಯಾರು ಏನು ಎಂದು ಮನೆಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕು. ಕೆಲವು ಮನೆಗಳು ಒಂದು ವಾರದಲ್ಲಿ ಕರಗುತ್ತವೆ. ಮೂಲೆಯ ಕಲ್ಲುಮನೆಯವರು ದೀಪಾವಳಿಗೆ ಜಗಲಿಗೆ ಬಂದವರು ಯುಗಾದಿಯ ಒಬ್ಬಟ್ಟನ್ನೂ ಅಲ್ಲೇ ತಟ್ಟಿದರು.

ಹಾಗಾಗಿ ನಮ್ಮಲ್ಲಿ ಎಲ್ಲಿಗೆ ಹೋಗುವುದಿದ್ದರೂ ಮೊದಲು ಏಳುವ ಮಾತು, ಮನೆಗೆ ಕೂರುವವರು ಯಾರು? ಮದುವೆಯ ಕರೆಯೋಲೆಯ ಕೊನೆಯಲ್ಲಿ 'ಮನೆಗೆ ಕೂತವರಿಗೆ ಊಟ ಕಳಿಸಿಕೊಡಲಾಗುವುದು' ಎಂದು ಅಚ್ಚು ಹಾಕಿಸದಿದ್ದರೆ ಬೀಗರು ಮೂಗು ಮುರಿಯುತ್ತಾರೆ. ಪಕ್ಕದ ಮನೆಯವರನ್ನು ಕೂರಿಸಿದರಾಯಿತಲ್ಲ ಎಂದು ಹೊಸಬರು ಕೇಳುವುದುಂಟು. ಪುಟ್ಟಮಾದಯ್ಯ ಹಾಗೇ ಮಾಡಿದ. ಸಂಸಾರ ಸಮೇತ ತಂಗಿಯ ಮನೆಗೆ ಹೋಗುವಾಗ ಪಕ್ಕದ ಮನೆಯ ಗೆಳೆಯನನ್ನು ಕೂರಿಸಿ ಹೋದ. ಬರುವಷ್ಟರಲ್ಲಿ ಮನೆ ಆ ಗೆಳೆಯನಿಗೆ ಒಗ್ಗಿಬಿಟ್ಟಿತ್ತು. ಇವತ್ತಿಗೂ ಪುಟ್ಟಮಾದಯ್ಯ ಸಂತೆಯಿಂದ ಬಂದರೆ ಚೀಲ ಹೊತ್ತುಕೊಂಡು ಗೆಳೆಯನ ಮನೆಯ ಮುಂದೆ ನಿಂತು, "ಬಾರಪ್ಪಾ, ಸ್ವಲ್ಪ ನಮ್ಮನೆ ಬಾಗಿಲು ತೆಗೆದುಕೊಟ್ಟು ಹೋಗು" ಎಂದು ಕೂಗುತ್ತಾನೆ.

ನಾನೂ ನಮ್ಮನೆಯವರೂ ಮದುವೆಯಾದಾಗಿನಿಂದ ಒಟ್ಟಿಗೆ ಒಂದು ರಾತ್ರಿ ಕೂಡ ಊರ ಹೊರಗೆ ಕಳೆದವರಲ್ಲ. ಮಕ್ಕಳಾಗಲಿಲ್ಲ, ಮನೆಗೆ ಕೂರಲು ಮೂರನೆಯವರಿಲ್ಲ. ನಮ್ಮನೆಯವರ ಹೆಸರು ಕೆಂಪರಾಜು, ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ಡಿಪೋದವರೆಲ್ಲ ಸಮುದ್ರ ನೋಡಲು ಹೋದಾಗ ಅವರು ಹೋದರು, ನಾನು ಮನೆಗೆ ಕೂತೆ. ಆಮೇಲೆ ಭಜನಾ ಮಂಡಳಿಯವರು ಹೊರಟಾಗ ನಾನು ಹೋದೆ, ಅವರು ಕೂತರು. ಒಬ್ಬಳೇ ಸಮುದ್ರದ ಮುಂದೆ ನಿಂತಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಅಷ್ಟು ದೊಡ್ಡದನ್ನು ನೋಡಿ 'ನೋಡ್ರೀ' ಎನ್ನಲು ಪಕ್ಕದಲ್ಲಿ ಇವರಿಲ್ಲ. ಭಜನಾ ಮಂಡಳಿಯ ಕಾರ್ಯದರ್ಶಿನಿಗೆ 'ನೋಡ್ರೀ' ಅಂದು ಏನು ಬಂತು? ಒಂದು ಸಲ, ಸಾಯುವುದರೊಳಗೆ ಒಂದೇ ಸಲ, ಇಬ್ಬರೂ ಜೊತೆಯಲ್ಲಿ ಸಮುದ್ರ ನೋಡಬೇಕು ಎನ್ನುವುದು ಆವತ್ತಿನಿಂದ ನನ್ನ ಹಟ.

ಆ ಹಟಕ್ಕೆ ದಾರಿ ತೋರಿಸಿದವಳು ನಸೀಮಾ. ಪೇಟೆಬೀದಿಯಲ್ಲಿ ಫ್ಯಾನು, ಮಿಕ್ಸಿ, ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ನಮ್ಮ ಮಿಕ್ಸಿಯನ್ನು ವಾಪಸು ಕೊಡುವಾಗ ಹೇಳಿದಳು.

"ಅಕ್ಕಾ, ಈಗೊಂದು ಡಬ್ಬಿ ಬಂದಿದೆ, ಹಬ್ ಅಂತಾರೆ. ಲೈಟು, ಫ್ಯಾನು, ರೇಡಿಯೋ, ನೀರಿನ ಮೋಟಾರು, ಎಲ್ಲದನ್ನೂ ಅದಕ್ಕೆ ಸೇರಿಸಿಬಿಟ್ರೆ ಎಲ್ಲಿದ್ರೂ ಫೋನಲ್ಲೇ ಆನ್, ಫೋನಲ್ಲೇ ಆಫ್. ನಿಮ್ಮ ಕೈ ಇಲ್ಲಿಂದಲೇ ಮನೇಲಿ ಆಡುತ್ತೆ."

"ಮನೆ ಒಪ್ಪುತ್ತೇನಮ್ಮಾ?"

"ಅದು ನಂಗೊತ್ತಿಲ್ಲ. ನಮ್ಮೂರಲ್ಲಿ ಇನ್ನೂ ಯಾರೂ ಮಾಡಿ ನೋಡಿಲ್ಲ. ಕೆಲಸ ಮಾಡೋ ಹಾಗೆ ಕೂರಿಸಿಕೊಡೋದು ನನ್ನ ಜವಾಬ್ದಾರಿ, ಮನೇನ ಒಪ್ಪಿಸೋದು ನಿಮ್ಮದು."

ಬೆಣ್ಣೆ ಡಬ್ಬಿಯಷ್ಟೇ ಇತ್ತು ಅದು, ಬಿಳೀದು. ಅಟ್ಟದ ಮೆಟ್ಟಿಲ ಪಕ್ಕ ಕೂರಿಸಿ, ನನ್ನ ಫೋನಿಗೂ ಅವರ ಫೋನಿಗೂ ಜೋಡಿಸಿಕೊಟ್ಟಳು. ನಮ್ಮನೆಯವರಿಗಂತೂ ಮದುಮಗನ ಹುರುಪು ಬಂದುಬಿಟ್ಟಿತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಇಡೀ ದಿನ ಲೈಟು ಹಾಕುವುದು, ಆರಿಸುವುದು. ದಾರಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ, "ಯಾವ ಲೈಟು ಬೇಕು ಹೇಳಿ" ಎನ್ನುವುದು. ಒಂದು ಸಲವೂ ತಪ್ಪಲಿಲ್ಲ. "ಬಟ್ಟೆ ಕಟ್ಟು ಮಂಗಳಾ, ಹೊರಡೋಣ" ಎಂದು ನನಗೆ ಹೇಳಿಯೂ ಬಿಟ್ಟರು.

ಮರುದಿನ ಸಂತೆಯಲ್ಲಿ ನಮ್ಮ ಬೀದಿಯ ತಿರುಮಲೇಗೌಡರ ಮುಂದೆ ಜಂಬ ಕೊಚ್ಚಿಕೊಳ್ಳಲು ಹೋಗಿ ಸರಿಯಾಗಿ ಕೈ ಸುಟ್ಟುಕೊಂಡರು. ಫೋನು ಒತ್ತಿದರೆ ಒಂದು ಸಣ್ಣ ಚಕ್ರ ಸುತ್ತುತ್ತಲೇ ಇತ್ತು. ಗೌಡರು ಹೀರೇಕಾಯಿ ಆರಿಸಿ ಮುಗಿಸಿದರು, ಬದನೆಕಾಯಿ ಆರಿಸಿ ಮುಗಿಸಿದರು, ಚಕ್ರ ನಿಲ್ಲಲಿಲ್ಲ. ಇವರು ಸೀದಾ ನಸೀಮಾಳ ಅಂಗಡಿಗೆ ಹೋಗಿ ಕೂಗಾಡಿದರು. ಅವಳು ನಗು ತಡೆದುಕೊಂಡು ಕೇಳಿದಳು.

"ಅಣ್ಣಾ, ಇದುವರೆಗೂ ಎಲ್ಲಿ ಕೂತ್ಕೊಂಡು ಪರೀಕ್ಷೆ ಮಾಡಿದ್ರಿ?"

"ಮನೆ ಹೊರಗೇ! ಜಗಲೀಲಿ!"

"ಜಗಲಿವರೆಗೂ ನಿಮ್ಮನೆ ವೈಫೈ ಬರುತ್ತಲ್ಲಣ್ಣಾ. ಫೋನು ಅದರಲ್ಲೇ ಹೋಗಿ ಡಬ್ಬೀನ ಮಾತಾಡಿಸಿದೆ. ಅದು ದೂರದಿಂದ ಮಾಡಿದ್ದು ಹೇಗಾಯ್ತು? ಹೊರಗಿನ ದಾರಿ ನಾನಿನ್ನೂ ತೆರೆದೇ ಇಲ್ಲ, ನಾಳೆ ಬರ್ತೀನಿ ಅಂದಿದ್ದೆ. ನೀವು ಊರಿಗೆಲ್ಲಾ ಡಂಗುರ ಹೊಡೆಸಿಬಿಟ್ರಿ."

ಅವಳು ಬಂದು ಹೊರಗಿನ ದಾರಿ ತೆರೆದಳು. ನಮ್ಮನೆಯವರು ಈ ಸಲ ಹಟ ಹಿಡಿದು ಕೆರೆ ಏರಿ, ಬಸ್ ಸ್ಟ್ಯಾಂಡು, ಸ್ಮಶಾನದ ತಿರುವು, ಎಲ್ಲ ಕಡೆ ನಿಂತು ಒತ್ತಿ ನೋಡಿದರು. ಆಯಿತು. ಅಷ್ಟರಲ್ಲಿ ಕರೆಂಟು ಹೋಗಿ ಬಂತು, ಡಬ್ಬಿ ಮಂಕಾಗಿ ಕೂತುಬಿಟ್ಟಿತು. ಇಂಟರ್ನೆಟ್ಟಿನ ಪೆಟ್ಟಿಗೆ ಏಳುವುದಕ್ಕೆ ಮೊದಲೇ ಇದು ಎದ್ದು, ಯಾರೂ ಕಾಣದೆ ಸುಮ್ಮನಾಗಿದೆ ಎಂದು ನಸೀಮಾ ಎರಡಕ್ಕೂ ಸೇರಿಸಿ ಬ್ಯಾಟರಿ ಇಟ್ಟಳು. ಆಮೇಲೆ ಮೋಟಾರಿನ ಸರದಿ. ಫೋನಿನಲ್ಲಿ 'ಆಯ್ತು' ಎಂದು ಬರುತ್ತಿತ್ತು, ತೊಟ್ಟಿಯಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಹೇಳಿದ್ದು ಕೇಳಿಸಿದ ಕೂಡಲೇ ಅದು 'ಆಯ್ತು' ಅಂತಿದೆ, ಮಾಡಿದ ಮೇಲೆ ಅಲ್ಲ ಎಂದು ನಸೀಮಾ ವಿವರಿಸಿದಳು. ಅಂಥವರ ಜೊತೆ ನಾನು ಇಷ್ಟು ವರ್ಷ ಸಂಸಾರ ಮಾಡಿಲ್ಲವೇ, ನನಗೆ ತಕ್ಷಣ ಅರ್ಥವಾಯಿತು. ಮೋಟಾರು ನಿಜವಾಗಿ ಕರೆಂಟು ಎಳೆದರೆ ಮಾತ್ರ 'ಆಯ್ತು' ಎನ್ನುವ ಹಾಗೆ ಇನ್ನೊಂದು ಪುಟ್ಟ ಪೆಟ್ಟಿಗೆ ಬಂತು. ಅಲ್ಲಿಗೆ ಡಬ್ಬಿ ಹದಕ್ಕೆ ಬಂತು. ಕರೆಂಟು ಹೋಗಲಿ, ಗಾಳಿ ಬರಲಿ, ಎಲ್ಲಿಂದ ಒತ್ತಿದರೂ ಹೇಳಿದ್ದು ಮಾಡುತ್ತಿತ್ತು.

ಉಳಿದದ್ದು ಮನೆಯ ಒಪ್ಪಿಗೆ. ನೇರವಾಗಿ ಮನೆಯ ಮೇಲೇ ಪ್ರಯೋಗ ಮಾಡಲು ನನಗೆ ಧೈರ್ಯವಾಗಲಿಲ್ಲ. ಹಿತ್ತಲಿನಲ್ಲಿ ನಮ್ಮ ಬಚ್ಚಲುಮನೆ ಬೇರೆಯಾಗಿದೆ. ಅದಕ್ಕೆ ಅದರದೇ ಬಾಗಿಲು, ಅದರದೇ ಮರೆವು. ಮೊದಲು ಅಲ್ಲಿ ನೋಡೋಣ ಎಂದೆ. ನಮ್ಮನೆಯವರು ಟೈಂಕೀಪರ್ ಬುದ್ಧಿ ಬಿಡಲಿಲ್ಲ. ಬಚ್ಚಲಿಗೊಂದು ವೇಳಾಪಟ್ಟಿ ಬರೆದು ಡಬ್ಬಿಗೆ ತುಂಬಿಸಿದರು. ಇಂಥ ಹೊತ್ತಿಗೆ ಲೈಟು, ಇಂಥ ಹೊತ್ತಿಗೆ ಗೀಸರು, ಇಂಥ ಹೊತ್ತಿಗೆ ಎಲ್ಲ ಬಂದ್. ನಾವು ಆ ಕಡೆ ತಲೆ ಹಾಕದೆ, ಅಡುಗೆಮನೆಯ ಮೋರಿಯಲ್ಲೇ ಕೈಕಾಲು ತೊಳೆದುಕೊಂಡು ಒಂದು ದಿನ ಕಳೆದೆವು. ಡಬ್ಬಿ ಒಂದು ನಿಮಿಷ ಆಚೀಚೆ ಆಗದಂತೆ ಎಲ್ಲವನ್ನೂ ನಡೆಸಿತು. ಮರುಸಂಜೆ ಹೋಗಿ ತಳ್ಳಿದರೆ ಬಾಗಿಲು ತೆಗೆಯಲಿಲ್ಲ. ಬಚ್ಚಲು ನಮ್ಮನ್ನು ಮರೆತಿತ್ತು.

"ಡಬ್ಬಿ ಕೈಕೊಡ್ತು" ಎಂದರು ಇವರು.

"ಡಬ್ಬಿ ಒಂದೂ ತಪ್ಪಿಲ್ಲಣ್ಣಾ" ಎಂದಳು ನಸೀಮಾ, ಫೋನು ತಿರುಗಿಸಿ ತೋರಿಸಿ.

ನನಗೆ ಉರಿದುಹೋಯಿತು. "ಅಲ್ರೀ, ಈ ಮನೆಯಲ್ಲಿ ಯಾವತ್ತು ಯಾರು ಹೇಳಿದ ಹೊತ್ತಿಗೆ ಸ್ನಾನ ಮಾಡಿದ್ದಾರೆ? ನೀವು ಪೇಪರ್ ಓದಿ, ಇನ್ನೊಂದು ಕಾಫಿ ಕುಡಿದು, ನಾನು ನಾಲ್ಕು ಸಲ ಕೂಗಿದ ಮೇಲೆ ಏಳೋರು. ಬಚ್ಚಲಿಗೆ ಬುದ್ಧಿ ಇಲ್ವಾ? ಇದ್ಯಾರೋ ಬಂದಿದ್ದಾರೆ, ಇಷ್ಟು ಶಿಸ್ತಿನವರು ನಮ್ಮೋರಲ್ಲ ಅಂದ್ಕೊಂಡಿದೆ."

ಬಚ್ಚಲನ್ನು ಒಲಿಸಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಅದರ ಬಾಗಿಲಿಗೆ ಒರಗಿ ಕೂತು ನಾನು ಸೀಗೆಕಾಯಿ ಕುಟ್ಟಿದೆ, ಅವರು ಗಡ್ಡ ಹೆರೆದುಕೊಂಡರು. ಬಾಗಿಲು ತೆಗೆದ ದಿನ ಇಬ್ಬರೂ ಎರಡೆರಡು ಸಲ ಮಿಂದೆವು. ಆಮೇಲೆ ಪಟ್ಟಿ ಬದಿಗಿಟ್ಟು, ಮನಸ್ಸಿಗೆ ಬಂದಾಗ ನಮ್ಮ ಕೈಯಾರೆ ಫೋನು ಒತ್ತಿ ಪರೀಕ್ಷೆ ಮಾಡಿದೆವು. ಈ ಸಲ ಬಚ್ಚಲು ಮರೆಯಲಿಲ್ಲ. ನಮ್ಮನೆಯವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎರಡು ದಿನಕ್ಕಾಗುವಷ್ಟು ಚಕ್ಕುಲಿ ಕರಿದು ಹೊರಟೇಬಿಟ್ಟೆವು. ಇಡೀ ಬೀದಿ ಬಸ್ಸಿನವರೆಗೆ ಬಂದು ಬೀಳ್ಕೊಟ್ಟಿತು. ತಿರುಮಲೇಗೌಡರಂತೂ, "ವಾಪಸ್ ಬಂದ ಮೇಲೆ ಜಗಲೀಲಿ ಮಲಗೋಕೆ ನಮ್ಮನೆ ಚಾಪೆ ಕೊಡ್ತೀನಿ, ಯೋಚನೆ ಮಾಡ್ಬೇಡಿ" ಎಂದು ಧೈರ್ಯ ಹೇಳಿದರು.

ಹೋದ ಸಂಜೆ ಏನೂ ತೊಂದರೆಯಾಗಲಿಲ್ಲ. ಸಮುದ್ರದ ಊರಿನ ಛತ್ರದಲ್ಲಿ ಕೂತು ಅವರು ನಮ್ಮನೆಯ ಲೈಟು ಹಾಕಿದರು, 'ಆಯ್ತು' ಎಂದು ಬಂತು. ರೇಡಿಯೋ ಹಾಕಿದರು, 'ಆಯ್ತು'. ಬೆಳಿಗ್ಗೆ ಮೋಟಾರು, 'ಆಯ್ತು'. ದಣಿದಿದ್ದ ನಾವು ಹಗಲೆಲ್ಲ ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ದಂಡೆಗೆ ಹೋದೆವು. ಮರಳಿನ ಮೇಲೆ ಕಾಲಿಟ್ಟಿದ್ದೇ ಇವರು ಫೋನು ತೆಗೆದು ಹಾಲಿನ ಲೈಟು ಹಾಕಿದರು. 'ಆಯ್ತು' ಎಂದು ಬಂತು. ಮರುಗಳಿಗೆ ಲೈಟು ಆಫ್ ಎಂದು ಬಂತು. ಮತ್ತೆ ಹಾಕಿದರು, ಮತ್ತೆ ಆರಿತು. ರೇಡಿಯೋ ಹಾಕಿದರೆ ಬಾಯಿ ಮುಚ್ಚಿಕೊಂಡಿತು. ನಸೀಮಾಳಿಗೆ ಫೋನು ಮಾಡಿದೆವು.

"ಅಣ್ಣಾ, ಲೈನು ಚೆನ್ನಾಗಿದೆ, ಹಬ್ ಚೆನ್ನಾಗಿದೆ" ಎಂದಳು ಅವಳು. "ನಾನು ನಿಮ್ಮನೆ ಮುಂದೇನೇ ನಿಂತಿದ್ದೀನಿ. ನೀವು ಹಾಕಿದ ಲೈಟು ಹತ್ಕೊಳ್ಳುತ್ತೆ. ಆರಿಸ್ತಾ ಇರೋದು ಮನೇನೇ. ಸೂರ್ಯ ಮುಳುಗೋದ್ರೊಳಗೆ ಏನಾದ್ರೂ ಮಾಡಿ."

ಸೂರ್ಯ ನೀರು ಮುಟ್ಟಲು ಇನ್ನೊಂದು ಮೊಳ ಇತ್ತು. ಊರಿಗೆ ಬಸ್ಸಿದ್ದದ್ದು ಮಾರನೆಯ ಬೆಳಿಗ್ಗೆ. ಇದ್ದದ್ದು ಒಂದೇ ಮನೆ, ಅದೂ ಹೋಯಿತು ಅಂದುಕೊಂಡೆ. ಯಾವ ಸಮುದ್ರಕ್ಕಾಗಿ ಬಂದೆವೋ ಅದಕ್ಕೆ ಬೆನ್ನು ಹಾಕಿ ನಿಂತು, ಫೋನಿನೊಳಗೆ ತಲೆ ತೂರಿಸಿಕೊಂಡಿದ್ದೆವು. ಇವರು ಪಾಪ, ಬೆವರು ಒರೆಸಿಕೊಳ್ಳುತ್ತ, ದೇವರಿಗೆ ಕೈಮುಗಿದಷ್ಟು ಭಕ್ತಿಯಿಂದ ಒಂದೊಂದೇ ಗುಂಡಿ ಒತ್ತುತ್ತಿದ್ದರು. ಲೈಟು. ರೇಡಿಯೋ. ಆಮೇಲೆ ಹಾಲಿನ ಫ್ಯಾನು, ಮೂರರಲ್ಲಿ.

ಅದನ್ನು ಕಂಡದ್ದೇ ನನ್ನ ಕೈ ತಾನಾಗಿ ನನ್ನ ಫೋನಿಗೆ ಹೋಯಿತು. ಫ್ಯಾನು ಆಫ್ ಮಾಡಿದೆ.

"ಯಾಕೇ ಆರಿಸಿದೆ?"

"ಮುಸ್ಸಂಜೆ ಹೊತ್ತಲ್ಲಿ ಮೂರರಲ್ಲಿ ಫ್ಯಾನ್ ಹಾಕ್ತಾರೇನ್ರೀ? ಮಂಡಿ ಹಿಡ್ಕೊಳ್ಳುತ್ತೆ."

"ಅಲ್ಲಿ ಯಾರ ಮಂಡಿ ಇದೆಯೇ? ಇಬ್ಬರದೂ ಇಲ್ಲಿದೆ!" ಎನ್ನುತ್ತ ಅವರು ಫ್ಯಾನು ಹಾಕಿದರು.

ನಾನು ಆರಿಸಿದೆ. ಅವರು ಹಾಕಿದರು. "ಯಾರೂ ಇಲ್ಲದ ಮನೇಲಿ ಗಾಳಿ ಯಾರಿಗ್ರೀ? ಬುದ್ಧಿ ಬೇಡ್ವಾ?" ಎಂದು ನಾನು ಆರಿಸಿದೆ. "ಮದುವೆಯಾದಾಗಿನಿಂದ ಒಂದು ದಿನ ನೆಟ್ಟಗೆ ಗಾಳಿ ಕುಡಿಯೋಕೆ ಬಿಟ್ಟಿಲ್ಲ ನೀನು!" ಎಂದು ಅವರು ಹಾಕಿದರು. ಕಡಲೆಕಾಯಿ ಮಾರುವವನು ಗಾಡಿ ನಿಲ್ಲಿಸಿಕೊಂಡು ನೋಡತೊಡಗಿದ. ನನಗೆ ನಾಚಿಕೆಯೂ ಆಗಲಿಲ್ಲ, ಮನೆ ಕಳೆದುಕೊಳ್ಳುತ್ತಿದ್ದೇವೆ ಎನ್ನುವುದೂ ಆ ಗಳಿಗೆ ಮರೆತೇಹೋಗಿತ್ತು. ನನ್ನ ಚಿಕ್ಕಪ್ಪನ ಮಗನ ಮದುವೆಯಲ್ಲಿ ಅವರು ಮುಖ ಗಂಟು ಹಾಕಿಕೊಂಡು ಬಂದದ್ದು, ಅವರ ಅತ್ತಿಗೆ ನನ್ನ ಹುಳಿಗೆ ಉಪ್ಪು ಜಾಸ್ತಿ ಎಂದದ್ದು, ಎಲ್ಲವೂ ಆ ಒಂದು ಫ್ಯಾನಿನ ಸುತ್ತ ಬಂದು ಸೇರಿಕೊಂಡವು. ಇಬ್ಬರ ಹೆಬ್ಬೆರಳೂ ನಿಲ್ಲಲಿಲ್ಲ.

ಅಷ್ಟರಲ್ಲಿ ನಸೀಮಾಳ ಫೋನು ಬಂತು. ಅವಳು ಅರಚುತ್ತಿದ್ದಳು. "ಅಕ್ಕಾ! ಏನ್ ಮಾಡಿದ್ರಿ ಅಕ್ಕಾ? ಹಾಲಿನ ಲೈಟು ಹತ್ಕೊಂಡಿದ್ದು ಆರ್ತಾನೇ ಇಲ್ಲ. ರೇಡಿಯೋ ಹಾಡ್ತಿದೆ. ದೇವರ ಕೋಣೆ ದೀಪ ನಾನು ಡಬ್ಬಿಗೆ ಸೇರಿಸೇ ಇರಲಿಲ್ಲ, ಅದೂ ಹತ್ಕೊಂಡಿದೆ!"

"ಫ್ಯಾನು?" ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು.

"ತಡೀರಿ, ಕಿಟಕೀಲಿ ನೋಡ್ತೀನಿ. ಹಾಂ, ತಿರುಗ್ತಿದೆ. ಒಂದರಲ್ಲಿ."

ಒಂದರಲ್ಲಿ! ಅವರ ಮೂರೂ ಅಲ್ಲ, ನನ್ನ ಸೊನ್ನೆಯೂ ಅಲ್ಲ. ನಾವಿಬ್ಬರೂ ಒತ್ತದೇ ಇದ್ದದ್ದು ಅದೊಂದೇ. ಮನೆ ಇಷ್ಟು ವರ್ಷ ನಮ್ಮ ಜಗಳ ಕೇಳಿ ಕೇಳಿ ತನ್ನದೇ ಒಂದು ತೀರ್ಪು ಇಟ್ಟುಕೊಂಡಿತ್ತು ಅಂತ ಕಾಣುತ್ತದೆ. ಅದಕ್ಕೆ ನಾವು ಹಾಕಿದ ಲೈಟು ಬೇಕಿರಲಿಲ್ಲ, ರೇಡಿಯೋ ಬೇಕಿರಲಿಲ್ಲ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಆರಿಸದಿದ್ದರೆ ಅದಕ್ಕೆ ನಾವು ನಾವೆಂದು ಹೇಗೆ ಗೊತ್ತಾಗಬೇಕು? ಬಚ್ಚಲಾದರೆ ಒಬ್ಬೊಬ್ಬರೇ ಹೋಗುವ ಜಾಗ, ಒಂದೇ ಕೈ ಸಾಕಾಗಿತ್ತು. ಮನೆಗೆ ಇಬ್ಬರೂ ಬೇಕಿತ್ತು. ನನಗೆ ನಗು ಬಂತು. ನಗುತ್ತ ನಗುತ್ತ ಮರಳಿನ ಮೇಲೆ ಕೂತುಬಿಟ್ಟೆ. ಇವರೂ ಪಂಚೆ ಎತ್ತಿ ಕಟ್ಟಿಕೊಂಡು ಪಕ್ಕದಲ್ಲೇ ಕೂತರು. ಆಗಷ್ಟೇ ಸೂರ್ಯ ನೀರು ಮುಟ್ಟಿದ. "ನೋಡ್ರೀ" ಎಂದೆ. "ನೋಡ್ತಿದ್ದೀನಿ ಕಣೇ" ಎಂದರು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ನಾನು ಮುಚ್ಚಿಟ್ಟು ಹೇಳುವುದಿಲ್ಲ. ಕಣ್ಣು ತುಂಬಿತು, ಅವರ ಕೈ ಹಿಡಿದುಕೊಂಡೆ. ಕಡಲೆಕಾಯಿಯವನು ನಮ್ಮ ಜಗಳ ಮುಗಿಯಿತಲ್ಲ ಎಂದು ಬೇಸರದಿಂದ ಗಾಡಿ ತಳ್ಳಿಕೊಂಡು ಹೋದ.

ಮಾರನೆಯ ದಿನ ನಾವು ಬಸ್ಸಿಳಿದಾಗ ಇಡೀ ಬೀದಿ ನಮ್ಮನೆಯ ಮುಂದೆ ನೆರೆದಿತ್ತು. ತಿರುಮಲೇಗೌಡರು ನಿಜವಾಗಿಯೂ ಚಾಪೆ ತಂದಿದ್ದರು. ನಮ್ಮನೆಯವರು ಬೀಗ ತೆಗೆದರು. "ನೀನೂ ಹಿಡಿ" ಎಂದರು. ಇಬ್ಬರೂ ಅಂಗೈ ಊರಿ ತಳ್ಳುವ ಮೊದಲೇ ಬಾಗಿಲು ಹಿಂದಕ್ಕೆ ಸರಿಯಿತು. ಬೀದಿಯೆಲ್ಲ ಹೋ ಎಂದಿತು. ಗೌಡರ ಹೆಂಡತಿ ಅಲ್ಲೇ ನಸೀಮಾಳ ಸೆರಗು ಹಿಡಿದು, "ನಮಗೂ ಒಂದು ಡಬ್ಬಿ ಕೂರಿಸು" ಎಂದಳು. "ಡಬ್ಬಿ ಕೂರಿಸ್ತೀನಿ ಅಕ್ಕಾ. ಆದ್ರೆ ನಿಮ್ಮಿಬ್ಬರಿಗೂ ಯಾವ ವಿಷಯಕ್ಕೆ ಜಗಳ ಆಗುತ್ತೆ ಅಂತ ಮೊದಲೇ ಹೇಳ್ಬೇಕು, ವೈರಿಂಗು ಅದರ ಮೇಲೆ" ಎಂದಳು ನಸೀಮಾ. ಗೌಡರು ಚಾಪೆ ಸುತ್ತಿಕೊಂಡು ಬೇಗ ಬೇಗ ಮನೆಯ ಕಡೆ ನಡೆದರು.

ಎಲ್ಲರೂ ಹೋದ ಮೇಲೆ ನಾವಿಬ್ಬರೂ ಒಳಗೆ ಬಂದು ಚೀಲ ಇಳಿಸಿ ಕೂತೆವು. ಏನೋ ಒಂದು ಕೊರತೆಯಾದಂತೆ ಅನ್ನಿಸಿತು. ಇದುವರೆಗೆ ಒಬ್ಬರು ಊರಿಂದ ಬಂದಾಗ ಇನ್ನೊಬ್ಬರು ಒಳಗಿರುತ್ತಿದ್ದರು. ಕಾಲಿಗೆ ನೀರು ಕೊಟ್ಟು, ಎದುರಿಗೆ ಕೂತು, 'ಹೇಳು, ಏನೇನಾಯ್ತು' ಎಂದು ಕೇಳುತ್ತಿದ್ದರು. ಇಬ್ಬರೂ ಹೋಗಿ ಬಂದಿದ್ದೆವು, ಕೇಳುವವರೇ ಇರಲಿಲ್ಲ. ಕೊನೆಗೆ ಇವರು ಎದ್ದು ಹೋಗಿ, ಜೀವಮಾನದಲ್ಲಿ ಮೊದಲ ಸಲ ತಾವೇ ಕಾಫಿ ಮಾಡಿ ತಂದು ನನ್ನ ಮುಂದಿಟ್ಟು, ಎದುರಿಗೆ ಕೂತರು.

"ಹೇಳು, ಏನೇನಾಯ್ತು?"

"ಅಯ್ಯೋ, ನೀವೂ ಜೊತೆಗೇ ಇದ್ರಲ್ರೀ?"

"ಇದ್ದೆ. ಆದ್ರೂ ಹೇಳು."

ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಒಂದು ಗುಟುಕು ಕುಡಿದು, ಬಸ್ಸು ಹತ್ತಿದ ಕಡೆಯಿಂದ ಹೇಳಲು ಶುರು ಮಾಡಿದೆ.